ಸರ್ವರ್ ಊರಲ್ಲಿಲ್ಲ

ಕೌಂಟರಿನ ಮೇಲೆ ನೇತುಹಾಕಿದ್ದ ಫಲಕದಲ್ಲಿ ‘ತಾತ್ಕಾಲಿಕವಾಗಿ ಸರ್ವರ್ ಇಲ್ಲ’ ಎಂದಿತ್ತು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು. ತಾತ್ಕಾಲಿಕ ಎಂಬ ಪದಕ್ಕೆ ಪ್ಲಾಸ್ಟಿಕ್ ಹೊದಿಸಿ, ಎರಡು ತೂತು ಕೊರೆದು, ನೈಲಾನ್ ದಾರ ಕಟ್ಟಿ, ಮೊಳೆ ಹೊಡೆದು ತೂಗುಹಾಕಿದವರ ಮುಂದಾಲೋಚನೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಫ್ಯಾನಿನ ಗಾಳಿಗೆ ಫಲಕ ತಿರುಗಿದಾಗ ಅದರ ಬೆನ್ನೂ ಕಾಣಿಸಿತು: ‘ಊಟದ ವಿರಾಮ’. ಇವೆರಡಲ್ಲದೆ ಮೂರನೆಯ ಸ್ಥಿತಿಯೊಂದು ಇರಬಹುದೆಂದು ಕಚೇರಿಗೆ ಅನ್ನಿಸಿದಂತಿಲ್ಲ. ಅನ್ನಿಸಿದ್ದರೂ ಬರೆಯಲು ಜಾಗವಿರಲಿಲ್ಲ.

ನಾನು ಹೋಗಿದ್ದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು. ತಂದೆ ತೀರಿಕೊಂಡು ಎರಡು ವರ್ಷವಾಯಿತು. ಪಹಣಿಯಲ್ಲಿ ಮಾತ್ರ ಒಂದು ಎಕರೆ ಏಳು ಗುಂಟೆಯ ಒಡೆಯರಾಗಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಯಾವ ತಾಲ್ಲೂಕು, ಯಾವ ಕಚೇರಿ ಎಂದು ಕೇಳಬೇಡಿ. ನನ್ನ ಕಾಗದಗಳು ಇನ್ನೂ ಅವರ ಮೇಜಿನ ಮೇಲಿವೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಹದಿನೆಂಟು ವರ್ಷದಿಂದ ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಕಚೇರಿಗಳಲ್ಲಿ ಕಂಪ್ಯೂಟರ್ ಕೇಬಲ್ ಎಳೆಯುವುದರಿಂದ ಮತ್ತು ಕಡಿದುಹೋದ ಸಂಪರ್ಕವನ್ನು ಹುಡುಕಿಕೊಡುವುದರಿಂದ. ನೆಗಡಿಯಾದವನು ಬಂದು ‘ಡಾಕ್ಟರೇ, ನನ್ನ ಹೃದಯ ನಿಂತಿದೆ’ ಎಂದರೆ ವೈದ್ಯರಿಗೆ ಹೇಗಾಗುತ್ತದೋ, ‘ಸರ್ವರ್ ಇಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ನನಗೂ ಹಾಗೆಯೇ ಆಗುತ್ತದೆ.

ಬೆಂಚಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೆಗೆಯುತ್ತಾ ಕೇಳಿದರು: ‘ಈ ಸರ್ವರ್ ಎಂದರೆ ಯಾರಪ್ಪ?’

‘ಬೆಂಗಳೂರಿನಲ್ಲಿರುವ ದೊಡ್ಡ ಕಂಪ್ಯೂಟರ್, ಅಜ್ಜಿ.’

‘ದೊಡ್ಡವರೇ ಇರಬೇಕು. ಮೂರು ದಿನದಿಂದ ಇಲ್ಲ, ಇಲ್ಲ ಎನ್ನುತ್ತಿದ್ದಾರೆ. ವರ್ಗವಾಯಿತೇ?’

ಅಜ್ಜಿಯ ಅನುಮಾನದಲ್ಲಿ ತಪ್ಪೇನಿದೆ? ಅವರ ತಲೆಮಾರು ಇಂಥ ಗೈರುಹಾಜರಿಗಳನ್ನು ಎಷ್ಟು ಕಂಡಿಲ್ಲ. ಮೊದಲು ಶ್ಯಾನುಭೋಗರು ಊರಲ್ಲಿರಲಿಲ್ಲ. ಆಮೇಲೆ ಗ್ರಾಮ ಲೆಕ್ಕಿಗರು ತಾಲ್ಲೂಕು ಕಚೇರಿಗೆ ಹೋಗಿರುತ್ತಿದ್ದರು, ತಾಲ್ಲೂಕು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಿದ್ದರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿನೊಳಗೆ ಹೋದವು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಕೈಬರಹದ ವಹಿಯಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೋ ಎಂಬ ಭಯ ಕಡಿಮೆಯಾಯಿತು. ಆದರೆ ‘ಇಲ್ಲ’ ಎನ್ನುವುದು ಬಹಳ ಹಳೆಯ ಹುದ್ದೆ. ಅದನ್ನು ಖಾಲಿ ಬಿಡುವಂತಿಲ್ಲ. ಅಲ್ಲಿಗೆ ಸರ್ವರ್ ನೇಮಕವಾಯಿತು. ಶ್ಯಾನುಭೋಗರನ್ನಾದರೆ ಮುಂಜಾನೆ ಅವರ ಮನೆಯ ಜಗಲಿಯಲ್ಲೇ ಹಿಡಿಯಬಹುದಿತ್ತು. ಸರ್ವರಿಗೆ ಮನೆಯಿಲ್ಲ, ಜಗಲಿಯಿಲ್ಲ, ನೆಂಟರಿಲ್ಲ. ಶಿಫಾರಸು ಹಿಡಿದು ಹೋಗೋಣವೆಂದರೆ ಜಾತಿಯೂ ಇಲ್ಲ.

ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ವಿದೆಯಲ್ಲ ಎನ್ನುತ್ತೀರಿ. ಇದೆ. 2012ರಿಂದ ಜಾರಿಯಲ್ಲಿದೆ. ಹೇಳಿದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ದಾಖಲಾಗಿ, ಅದರ ಗುರುತಿಗೆಂದು ಕೊಡುವ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ ನಿಮ್ಮ ಕೈಗೆ ಬಂದ ಮೇಲೆ. ಆ ಸಂಖ್ಯೆಯನ್ನು ಕೊಡುವವರು ಯಾರು? ಸರ್ವರ್. ಸರ್ವರ್ ಇಲ್ಲದ ದಿನ ನಿಮ್ಮ ಅರ್ಜಿಯೂ ಇಲ್ಲ. ಅರ್ಜಿಯೇ ಇಲ್ಲದ ಮೇಲೆ ವಿಳಂಬ ಎಲ್ಲಿಂದ ಬಂತು? ನಾಲ್ಕು ದಿನ ಬೆಂಚು ಸವೆಸಿದ ನಾನು ಕಾನೂನಿನ ಕಣ್ಣಿನಲ್ಲಿ ಇನ್ನೂ ಮನೆಯಿಂದಲೇ ಹೊರಟಿಲ್ಲ.

ಈ ಕಚೇರಿಯ ಸರ್ವರ್ ಪೂರ್ತಿ ಇಲ್ಲದ್ದೂ ಅಲ್ಲ. ಬಂದು ಬಂದು ಹೋಗುತ್ತಿತ್ತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಲೆನೋವಿಲ್ಲ. ಒಮ್ಮೆಗೇ ಸತ್ತ ಸಂಪರ್ಕ ಸತ್ತ ಜಾಗದಲ್ಲೇ ಬಿದ್ದಿರುತ್ತದೆ, ಹುಡುಕಬಹುದು. ಬಿಟ್ಟು ಬಿಟ್ಟು ಬರುವ ತೊಂದರೆ ಮಕ್ಕಳ ಜ್ವರದಂತೆ. ರಾತ್ರಿಯೆಲ್ಲ ಮೈ ಸುಡುತ್ತಿರುತ್ತದೆ, ಆಸ್ಪತ್ರೆಯ ಬಾಗಿಲಿಗೆ ಬಂದೊಡನೆ ಮಗು ಬಿಸ್ಕತ್ತು ಕೇಳುತ್ತದೆ. ಒಂದು ಕಡೆ ಎರಡು ಕಂಪ್ಯೂಟರುಗಳಿಗೆ ಒಂದೇ ಐಪಿ ವಿಳಾಸ (ಜಾಲದಲ್ಲಿ ಕಂಪ್ಯೂಟರಿನ ಮನೆ ನಂಬರು) ಕೊಟ್ಟಿದ್ದರು, ಒಂದೇ ಸೈಟನ್ನು ಇಬ್ಬರಿಗೆ ಮಾರಿದಂತೆ. ಇಬ್ಬರೂ ಒಟ್ಟಿಗೆ ಕಚೇರಿಗೆ ಬಂದ ದಿನ ಮಾತ್ರ ಜಗಳ. ಇನ್ನೊಂದು ಕಡೆ ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ನಾಲಗೆ ಮುರಿದಿತ್ತು. ಅದನ್ನು ಊದುಬತ್ತಿಯ ಪೊಟ್ಟಣ ಮಡಚಿ ಸಿಕ್ಕಿಸಿ ನಿಲ್ಲಿಸಿದ್ದರು. ಯಾರಾದರೂ ಬೀರುವಿನ ಬಾಗಿಲು ತೆಗೆದಾಗಲೆಲ್ಲ ಲೆಕ್ಕಪತ್ರ ವಿಭಾಗ ಲೋಕದಿಂದ ದೂರವಾಗುತ್ತಿತ್ತು. ಕಸ ಗುಡಿಸುವಾಗ ಜೋಲಾಡುತ್ತಿದ್ದ ಕೇಬಲ್ಲೊಂದನ್ನು ಕಂಡ ಪುಣ್ಯಾತ್ಮರು ಅದರ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ (ದೀಪದ ಸ್ವಿಚ್ಚಲ್ಲ, ಕಚೇರಿಯ ಕಂಪ್ಯೂಟರ್ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಅಚ್ಚುಕಟ್ಟಾಗಿ ಚುಚ್ಚಿದ್ದೂ ಉಂಟು. ಮಾಹಿತಿಯೆಲ್ಲ ಅಲ್ಲಿಯೇ ಗಿರಗಿರನೆ ಸುತ್ತತೊಡಗಿತು. ಸರ್ಕಾರಿ ಕಡತಕ್ಕೂ ಅದಕ್ಕೂ ಇದ್ದ ವ್ಯತ್ಯಾಸವೆಂದರೆ ವೇಗ.

ಹುಡುಕುವುದಕ್ಕೆ ಒಂದು ಕ್ರಮವಿದೆ. ಹತ್ತಿರದಿಂದ ಶುರುಮಾಡಿ ದೂರಕ್ಕೆ ಹೋಗಬೇಕು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತ ತನ್ನ ಜಾಲದ ವಿಚಿತ್ರ ವರ್ತನೆಗೆ ಬೇಸತ್ತು, ಒಂದು ಸಂಜೆ ಕುಳಿತು, ಸಾವಿರ ಸಾಲಿನಷ್ಟು ಪುಟ್ಟ ಪ್ರೋಗ್ರಾಂ ಬರೆದ. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದಿನ ಹೆಸರನ್ನೇ ಅದಕ್ಕಿಟ್ಟ: ಪಿಂಗ್. ಬಾವಿಯೊಳಗೆ ಬಗ್ಗಿ ‘ಓ’ ಎಂದು ಕೂಗಿ ಮರುದನಿಗೆ ಕಿವಿಗೊಡುವ ಹುಡುಗರ ಆಟವೇ ಅದು. ಕಂಪ್ಯೂಟರು ಮೊದಲು ತನ್ನನ್ನು ತಾನು ಕೂಗಿಕೊಳ್ಳಬೇಕು. ಆಮೇಲೆ ಗೋಡೆಯ ಬಳಿ ಇರುವ ರೌಟರನ್ನು, ಕೊನೆಗೆ ಬೆಂಗಳೂರನ್ನು. ಎಲ್ಲಿ ‘ಓ’ ಎನ್ನುವವರಿಲ್ಲವೋ ಅದಕ್ಕಿಂತ ಈಚೆಗೆ ಹುಡುಕಿದರೆ ಸಿಕ್ಕಿತು. ಇದಕ್ಕೆ ಬೇಕಾದದ್ದು ಎರಡು ನಿಮಿಷ ಮತ್ತು ಮೇಜಿನ ಕೆಳಗೆ ಬಗ್ಗಬಲ್ಲ ಸೊಂಟ.

ಕಚೇರಿಯ ಕ್ರಮವೇ ಬೇರೆ. ಅದು ದೂರದಿಂದ ಶುರುವಾಗುತ್ತದೆ, ಹತ್ತಿರಕ್ಕೆ ಬರುವುದೇ ಇಲ್ಲ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕಚೇರಿಯಲ್ಲಿ ಸರ್ವರ್ ಸಮಸ್ಯೆಯು ಪದೇ ಪದೇ ಉದ್ಭವಿಸುತ್ತಿದ್ದು, ಸಾರ್ವಜನಿಕರಿಗೆ ಉತ್ತರಿಸುವುದು ದುಸ್ತರವಾಗಿರುವುದರಿಂದ, ಸೂಕ್ತ ಕ್ರಮಕ್ಕಾಗಿ ತಮ್ಮಲ್ಲಿ ಸಲ್ಲಿಸಲಾಗಿದೆ’ ಎಂದು ಜಿಲ್ಲಾ ಕೇಂದ್ರಕ್ಕೆ ಏಳು ಪತ್ರಗಳು ಹೋಗಿದ್ದವು. ಸಹಾಯವಾಣಿಗೂ ದೂರು ಹೋಗಿತ್ತು. ಸಹಾಯವಾಣಿಯ ಹುಡುಗ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡುತ್ತಾನೆ. ಮೂರಕ್ಕೆ ಎಲ್ಲವೂ ಸರಿಯಿರುತ್ತದೆ. ‘ಸಮಸ್ಯೆ ಕಂಡುಬಂದಿಲ್ಲ, ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಸಂದೇಶ ಬರುತ್ತದೆ. ನಾಲ್ಕಕ್ಕೆ ಸರ್ವರ್ ಹೋಗುತ್ತದೆ.

ಈ ನಾಲ್ಕರ ಮೇಲೆ ನನಗೆ ಕಣ್ಣುಬಿತ್ತು. ಕೈಯಲ್ಲಿದ್ದ ಲಕೋಟೆಯ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಮೊದಲ ದಿನ ಹನ್ನೊಂದಕ್ಕೆ ಹೋಗಿ ಹನ್ನೊಂದೂವರೆಗೆ ಬಂತು. ನಾಲ್ಕಕ್ಕೆ ಮತ್ತೆ ಹೋಯಿತು. ಎರಡನೆಯ ದಿನವೂ ಅಷ್ಟೇ. ಬೆಂಗಳೂರಿನ ಸರ್ವರಿಗೆ ನಮ್ಮೂರಿನ ಗಡಿಯಾರ ಇಷ್ಟು ಚೆನ್ನಾಗಿ ಹೇಗೆ ತಿಳಿಯಿತು?

ಮೂರನೆಯ ದಿನ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೌಂಟರಿನ ಅರ್ಧಬಾಗಿಲಿಗೆ ಆತುಕೊಂಡು ನಿಂತೆ. ಕಚೇರಿಯ ಸಹಾಯಕ ಕೈಯಲ್ಲಿ ಸ್ಟೀಲಿನ ಕೆಟಲ್ ಹಿಡಿದು ಬಂದ. ಆಪರೇಟರ್ ತನ್ನ ಕಾಲು ಎತ್ತಿಕೊಂಡ. ಅಭ್ಯಾಸವಾದ ಕಾಲು, ಕಣ್ಣು ಪರದೆಯ ಮೇಲೆಯೇ ಇತ್ತು. ಮೇಜಿನ ಕೆಳಗೆ ಮೂರು ತೂತಿನ ಎಕ್ಸ್‌ಟೆನ್ಷನ್ ಬಾಕ್ಸ್. ಒಂದರಲ್ಲಿ ಕಂಪ್ಯೂಟರ್, ಒಂದರಲ್ಲಿ ಪ್ರಿಂಟರ್, ಒಂದರಲ್ಲಿ ಕೇಬಲ್ಲುಗಳ ಸ್ವಿಚ್ಚಿಗೆ ಕರೆಂಟು ಕೊಡುವ, ಬೆಂಕಿಪೊಟ್ಟಣದ ಗಾತ್ರದ ಕಪ್ಪು ಅಡಾಪ್ಟರ್. ಪಕ್ಕದಲ್ಲೊಂದು ಯುಪಿಎಸ್ ಇತ್ತು; ಬ್ಯಾಟರಿ ಎಂದೋ ಸತ್ತು, ಈಗ ಅದರ ಮೇಲೆ ಕಡತಗಳನ್ನು ಇಡುತ್ತಾರೆ. ಕಂಪ್ಯೂಟರ್ ಕಿತ್ತರೆ ಆಪರೇಟರ್ ಬಯ್ಯುತ್ತಾನೆ, ಪ್ರಿಂಟರ್ ಕಿತ್ತರೆ ಸಾಹೇಬರು ಬಯ್ಯುತ್ತಾರೆ. ಕಪ್ಪು ಅಡಾಪ್ಟರ್ ಕಿತ್ತರೆ ಯಾರೂ ಬಯ್ಯುವುದಿಲ್ಲ. ಸಹಾಯಕ ಅದನ್ನು ಎಳೆದು ಸ್ವಿಚ್ಚಿನ ನೆತ್ತಿಯ ಮೇಲೆ, ಆಯುಧಪೂಜೆಯ ಒಣಗಿದ ಚೆಂಡುಹೂವಿನ ಪಕ್ಕದಲ್ಲಿ ಇಟ್ಟ. ಸ್ವಿಚ್ಚಿನ ಹಣೆಯ ಮೇಲೆ ಕುಂಕುಮ, ಗಾಳಿಕಂಡಿಯ ತುಂಬ ಅಕ್ಷತೆ. ಅದರ ಮುಖದಲ್ಲಿ ಮಿನುಗುತ್ತಿದ್ದ ಹಸಿರು ದೀಪಗಳು ಒಟ್ಟಿಗೆ ಆರಿದವು. ಕೆಟಲ್ಲಿನ ಕೆಂಪು ದೀಪ ಹೊತ್ತಿತು.

ಆಪರೇಟರ್ ಪರದೆ ನೋಡಿದ, ತಲೆಯೆತ್ತಿದ, ಸಾಲಿನತ್ತ ತಿರುಗಿ ಸಾರಿದ: ‘ಸರ್ವರ್ ಹೋಯಿತು.’

ಅವನಲ್ಲಿ ಕಪಟವಿರಲಿಲ್ಲ, ಅದನ್ನು ಹೇಳಲೇಬೇಕು. ಸರ್ವರ್ ಹೋದಾಗ ಚಹಾ ಕುಡಿಯುವುದು ಅವನು ಸೇರಿದಾಗಿನಿಂದ ನಡೆದುಬಂದ ಪದ್ಧತಿ. ಚಹಾ ಕಾಯಿಸಲು ಸರ್ವರ್ ಹೋಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಎರಡು ಸುತ್ತು ಕಾಯಿಸಿ ಎಲ್ಲರಿಗೂ ಹಂಚಿ, ಅಡಾಪ್ಟರ್ ಮತ್ತೆ ಸಿಕ್ಕಿಸಿ, ಬೆರಳಚ್ಚು ಕೊಟ್ಟು ತಂತ್ರಾಂಶದೊಳಗೆ ಮತ್ತೆ ಹೋಗುವಷ್ಟರಲ್ಲಿ ಅರ್ಧ ಗಂಟೆ.

ಶಿರಸ್ತೇದಾರರ ಮುಂದೆ ನನ್ನ ಲಕೋಟೆಯನ್ನಿಟ್ಟು ವಿವರಿಸಿದೆ. ಅವರು ಕನ್ನಡಕ ಮೇಲೇರಿಸಿ ಗಮನವಿಟ್ಟು ಕೇಳಿದರು.

‘ನೀವು ಹೇಳುವುದು ಸರಿಯೇ ಇರಬಹುದು ಸ್ವಾಮಿ. ಆದರೆ ನಾವು ಏಳು ಪತ್ರ ಬರೆದಿದ್ದೇವೆ. ಸರ್ವರಿನ ಸಾಮರ್ಥ್ಯ ಹೆಚ್ಚಿಸಬೇಕೆಂದು ಪ್ರಸ್ತಾವನೆಯೂ ಹೋಗಿದೆ. ಈಗ ಕೆಟಲ್ ಎಂದರೆ ಆ ಏಳು ಪತ್ರಗಳಿಗೆ ಯಾರು ಸಮಜಾಯಿಷಿ ಕೊಡಬೇಕು?’

‘ನಾಲ್ಕು ತೂತಿನ ಬಾಕ್ಸ್ ತಂದರೆ ಸಾಕು ಸರ್.’

‘ತರಬಹುದು. ಬೇಡಿಕೆ ಪಟ್ಟಿ ಕಳುಹಿಸಬೇಕು, ಮೂರು ದರಪಟ್ಟಿ ತರಿಸಬೇಕು. ಅನುದಾನ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೋ ನೋಡಬೇಕು.’

ಎದುರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 240 ರೂಪಾಯಿ ಕೊಟ್ಟು ನಾನೇ ತಂದೆ. ಅದನ್ನು ಸ್ವೀಕರಿಸುವಂತಿಲ್ಲ ಎಂದರು; ದಾಸ್ತಾನು ವಹಿಯಲ್ಲಿ ಇಲ್ಲದ ವಸ್ತು ಕಚೇರಿಯಲ್ಲಿದ್ದರೆ ಆಡಿಟ್ ಆಕ್ಷೇಪಣೆ ಬರುತ್ತದೆ. ಅನುಭವಸ್ಥರಾದ ಗುಮಾಸ್ತೆಯೊಬ್ಬರು ದಾರಿ ತೋರಿಸಿದರು: ‘ದಾನ ಎಂದು ಬರೆದುಕೊಡಿ.’ ದೇವಸ್ಥಾನದ ಟ್ಯೂಬ್‌ಲೈಟಿಗೆ ಹೆಸರು ಬರೆಸುತ್ತಾರಲ್ಲ, ಹಾಗೆ. ಮಾರ್ಕರ್ ಪೆನ್ನನ್ನೂ ಅವರೇ ಕೊಟ್ಟರು. ಬಿಳಿಯ ಬಾಕ್ಸಿನ ಮೇಲೆ ‘ದಿವಂಗತ’ ಎಂದು ಶುರುಮಾಡಿ ತಂದೆಯ ಹೆಸರು ಬರೆದು, ‘ಇವರ ಸ್ಮರಣಾರ್ಥ’ ಎಂದು ಸೇರಿಸಿದೆ. ಶಿರಸ್ತೇದಾರರು ಓದಿ, ಸಹಿ ಹಾಕಿ, ವಹಿಯಲ್ಲಿ ಹತ್ತಿಸಿಕೊಂಡರು. ಹೀಗೆ ನಮ್ಮ ತಂದೆ ತೀರಿಕೊಂಡ ವಿಷಯ ಆ ಕಚೇರಿಯಲ್ಲಿ ಅಧಿಕೃತವಾಗಿ ದಾಖಲಾಯಿತು. ಪ್ಲಗ್ಗಿನ ಲೆಕ್ಕದಲ್ಲಿ ಅವರು ದಿವಂಗತರು, ಪಹಣಿಯ ಲೆಕ್ಕದಲ್ಲಿ ಚಿರಂಜೀವಿ.

ಅಂದು ಸಂಜೆ ನಾಲ್ಕಕ್ಕೆ ಕೆಟಲ್ ಕುದಿಯಿತು, ಸರ್ವರ್ ಕೂಡ ಇತ್ತು. ಆಪರೇಟರ್ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡುವ ಕಷ್ಟಕ್ಕೆ ಸಿಕ್ಕಿಬಿದ್ದು ನನ್ನನ್ನು ಒಂದು ಥರ ನೋಡಿದ. ಐದು ಗಂಟೆಯಾದರೂ ನನ್ನ ಸರದಿ ಬರಲಿಲ್ಲ. ಮೂರು ದಿನದ ಸಾಲು ಅಷ್ಟು ಉದ್ದವಿತ್ತು. ನಡೆದದ್ದು ಏನೆಂಬುದು ಸಾಲಿನಲ್ಲಿ ಬಾಯಿಂದ ಬಾಯಿಗೆ ಹರಡಿತು. ಅಜ್ಜಿ ಎರಡು ಸಲ ಕೇಳಿ ತಿಳಿದುಕೊಂಡರು.

ಸರ್ವರ್ ನಿಜವಾಗಿಯೂ ಬೀಳುವುದಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ ಯಾರೋ ಸುಳ್ಳು ಕೋರಿಕೆಗಳ ಮಳೆ ಸುರಿಸಿ, ರಾಜ್ಯದ ಉಪನೋಂದಣಿ ಕಚೇರಿಗಳೆಲ್ಲ ದಿನಗಟ್ಟಲೆ ಪರದಾಡಿದ್ದವು. ನೂರು ಜನ ನುಗ್ಗಿ ಬಾಗಿಲಲ್ಲೇ ನಿಂತು ‘ಪಹಣಿ ಬೇಕು, ಬೇಡ’ ಎನ್ನುತ್ತಿದ್ದರೆ ನಿಜವಾಗಿ ಬೇಕಾದವನು ಒಳಗೆ ಹೋಗುವುದು ಹೇಗೆ? ಅದಕ್ಕೂ ಕೆಟಲ್ಲಿಗೂ ಸಂಬಂಧವಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ನನ್ನ ಮುಂದೆ ಇಬ್ಬರಿರುವಾಗ, ಪರದೆ ನಿಂತಿತು. ಆಪರೇಟರ್ ನನ್ನನ್ನೇ ಒಳಗೆ ಕರೆದ. ಬಗ್ಗಿ ನೋಡಿದೆ. ಹಸಿರು ದೀಪಗಳು ಸರಿಯಾಗಿದ್ದವು. ತಂದೆಯ ಹೆಸರಿನ ಬಾಕ್ಸಿನಲ್ಲಿ ಅಡಾಪ್ಟರ್ ಭದ್ರವಾಗಿತ್ತು. ಪಿಂಗ್ ಕೊಟ್ಟೆ: ಕಂಪ್ಯೂಟರ್ ‘ಓ’ ಎಂದಿತು, ರೌಟರ್ ‘ಓ’ ಎಂದಿತು. ಬೆಂಗಳೂರು ಮಾತಾಡಲಿಲ್ಲ.

ಆಪರೇಟರ್ ಎದ್ದು ನಿಂತ. ‘ಸರ್ವರ್ ಇಲ್ಲ’ ಎಂದ, ಮೆಲ್ಲಗೆ.

ಸಾಲಿನಲ್ಲಿದ್ದ ಮೂವತ್ತು ಜನ ಒಟ್ಟಿಗೆ ಕೆಟಲ್ಲಿನ ಕಡೆ ನೋಡಿದರು.

‘ಅದನ್ನು ಕೀಳಪ್ಪ’ ಎಂದರು ಅಜ್ಜಿ.

‘ಅಜ್ಜಿ, ಇವತ್ತು ಅದರಿಂದಲ್ಲ. ಇವತ್ತು ನಿಜವಾಗಿಯೂ ಇಲ್ಲ. ಬೇಕಾದರೆ ಇವರನ್ನು ಕೇಳಿ’ ಎಂದು ಅವನು ನನ್ನತ್ತ ಕೈ ತೋರಿಸಿದ. ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. ನಾನು ನಿಂತಿದ್ದದ್ದು ಕೌಂಟರಿನ ಒಳಗಡೆ. ಸಹಾಯಕ ಆಗಷ್ಟೇ ನನ್ನ ಕೈಗೂ ಒಂದು ಲೋಟ ಚಹಾ ಕೊಟ್ಟಿದ್ದ.

‘ಇವನೂ ಸೇರಿಕೊಂಡ’ ಎಂದು ಅಜ್ಜಿ ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆಯ ಗಂಟು ಬಿಚ್ಚಿದರು.