ಜಸ್ವಂತ್ ಸಿಂಗ್ ಅವರನ್ನು ಕಂದಹಾರ್‌ಗಷ್ಟೇ ಸೀಮಿತಗೊಳಿಸಬಾರದು
ವಾಜಪೇಯಿ ಸರ್ಕಾರದಲ್ಲಿ ಸಚಿವರಾಗಿದ್ದ ಬಿಜೆಪಿ ನಾಯಕ ಜಸ್ವಂತ್ ಸಿಂಗ್ ಅವರ ಕುರಿತ ಲೇಖನವೊಂದು, ಅವರ ರಾಜಕೀಯ ಜೀವನವನ್ನು 1999ರ ಡಿಸೆಂಬರ್ 31ರ ಅಫ್ಘಾನಿಸ್ತಾನದ ಕಂದಹಾರ್ ವಿಮಾನಯಾನದಿಂದಲೇ ಅಳೆಯಬೇಕು ಎನ್ನುತ್ತದೆ. ಲೇಖಕರ ಈ ವಾದವನ್ನು ಒಪ್ಪುವುದು ಕಷ್ಟ. ಅಪಹರಣಕ್ಕೊಳಗಾಗಿ ಅಲ್ಲಿದ್ದ ಭಾರತದ ವಿಮಾನದ ಪ್ರಯಾಣಿಕರನ್ನು ಬಿಡಿಸಿಕೊಳ್ಳಲು ಮೂವರು ಉಗ್ರರನ್ನು ಬಿಡುಗಡೆ ಮಾಡುವ ತೀರ್ಮಾನ ಇಡೀ ಸಂಪುಟದ್ದಾಗಿತ್ತು. ಆದರೆ ಅವರನ್ನು ಕರೆದೊಯ್ದ ವಿಮಾನದಲ್ಲಿ ಆಗ ವಿದೇಶಾಂಗ ಸಚಿವರಾಗಿದ್ದ ಜಸ್ವಂತ್ ಸಿಂಗ್ ಅವರೇ ಕುಳಿತಿದ್ದರಿಂದ ಅಪಕೀರ್ತಿ ಮಾತ್ರ ಒಬ್ಬರ ಹೆಗಲೇರಿತು.

ರಾಜಸ್ಥಾನದ ಬಾಡಮೇರ್ ಪ್ರದೇಶದ ಜಸೋಲ್‌ನಲ್ಲಿ 1938ರಲ್ಲಿ ಜನಿಸಿ, ಸೇನೆಯಲ್ಲಿ ಮೇಜರ್ ಆಗಿದ್ದು, 1960ರ ದಶಕದಲ್ಲಿ ಸಮವಸ್ತ್ರ ಕಳಚಿ ರಾಜಕೀಯಕ್ಕೆ ಬಂದ ಅವರು ವಿದೇಶಾಂಗ, ಹಣಕಾಸು ಮತ್ತು ರಕ್ಷಣೆ ಎಂಬ ಮೂರೂ ಖಾತೆಗಳನ್ನು ನಿರ್ವಹಿಸಿದವರು. 1998ರ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದ್ದಾಗ, ಅಲ್ಲಿನ ಉಪ ವಿದೇಶಾಂಗ ಕಾರ್ಯದರ್ಶಿ ಸ್ಟ್ರೋಬ್ ಟಾಲ್ಬಟ್ ಅವರೊಂದಿಗೆ 14 ಸುತ್ತು ಮಾತುಕತೆ ನಡೆಸಿ, ಮುನಿದಿದ್ದ ದೇಶವನ್ನು ಮಾತಿನ ಮೇಜಿನಿಂದ ಏಳದಂತೆ ಹಿಡಿದಿಟ್ಟ ತಾಳ್ಮೆಯೇ ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಧನೆ. ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಸಿಕ್ಕಿಲ್ಲ.

ಸೈನಿಕ ಶಿಸ್ತು ಪಕ್ಷದ ಶಿಸ್ತಾಗಿ ತಾನಾಗಿಯೇ ಮಾರ್ಪಡುತ್ತದೆ ಎಂಬ ನಂಬಿಕೆಯನ್ನೂ ಅವರ ಬದುಕು ಅಲ್ಲಗಳೆಯುತ್ತದೆ. ಜಿನ್ನಾ ಕುರಿತ ಪುಸ್ತಕಕ್ಕಾಗಿ 2009ರಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಮರುವರ್ಷ ವಾಪಸು ಕರೆದುಕೊಂಡಿತು. 2014ರಲ್ಲಿ ತವರಾದ ಬಾಡಮೇರ್‌ನ ಟಿಕೆಟ್ ನಿರಾಕರಿಸಿದಾಗ ಅವರು ಪಕ್ಷೇತರರಾಗಿ ನಿಂತು ಸೋತರು. ಕಾಂಗ್ರೆಸ್‌ನಿಂದ ಬಂದು ಆ ಟಿಕೆಟ್ ಪಡೆದು ಗೆದ್ದ ಸೋನಾರಾಮ್ ಚೌಧರಿ ಅವರೂ ಸೇನೆಯ ನಿವೃತ್ತ ಕರ್ನಲ್ ಎಂಬುದು ವಿಚಿತ್ರ ಕಾಕತಾಳೀಯ. ಅದೇ ವರ್ಷದ ಆಗಸ್ಟ್‌ನಲ್ಲಿ ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾದ ಮೇಲೆ ಜಸ್ವಂತ್ ಸಿಂಗ್ ಚೇತರಿಸಿಕೊಳ್ಳಲೇ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನಿಧನರಾದರು.