ಹನ್ನೊಂದು ವರ್ಷದ ಕಾಮಿಕ್ಸ್‌ಗೆ ಎಳ್ಳುನೀರು ಬಿಡಬಹುದಾ?

‘ಬಫಿ ದ ವ್ಯಾಂಪೈರ್ ಸ್ಲೇಯರ್’ ಅನ್ನುವುದು ರಕ್ತಪಿಶಾಚಿಗಳನ್ನು ಕೊಲ್ಲುವ ‘ಸ್ಲೇಯರ್’ ಹುಡುಗಿ ಬಫಿಯ ಕಥೆ. ಆ ಟಿವಿ ಧಾರಾವಾಹಿ 2003ರಲ್ಲಿ ಏಳನೇ ಸೀಸನ್‌ಗೆ ಮುಗಿಯಿತು. ಅದೇ ಕಥೆಯನ್ನು ಡಾರ್ಕ್ ಹಾರ್ಸ್ ಪ್ರಕಾಶನ 2007ರಿಂದ 2018ರವರೆಗೆ ಕಾಮಿಕ್ಸ್‌ನಲ್ಲಿ ಮುಂದುವರಿಸಿತು, ಎಂಟರಿಂದ ಹನ್ನೆರಡನೇ ಸೀಸನ್‌ವರೆಗೆ. 2022ರಲ್ಲಿ ಕೆಂಡೇರ್ ಬ್ಲೇಕ್ ಬರೆದ ‘ಇನ್ ಎವ್ರಿ ಜನರೇಷನ್’ ಕಾದಂಬರಿ ಬಂತು. ಅದು ಟಿವಿ ಕಥೆಯನ್ನು ಉಳಿಸಿಕೊಂಡಿತು, ಕಾಮಿಕ್ಸ್ ಅನ್ನು ಕೈಬಿಟ್ಟಿತು. ಇದು ಸರಿಯಾ?

ಪರ: ಬಿಟ್ಟದ್ದೇ ಒಳ್ಳೆಯದಾಯಿತು

ಈ ಕಾದಂಬರಿ ಯಾರಿಗಾಗಿ ಬರೆದದ್ದು ಅಂತ ಮೊದಲು ನೋಡಬೇಕು. ನಾಯಕಿ ಫ್ರಾಂಕಿ, ಬಫಿಯ ಮಂತ್ರವಾದಿ ಗೆಳತಿ ವಿಲೋಳ ಮಗಳು, ಹದಿನಾರರ ಹುಡುಗಿ. ಓದುವವರೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಧಾರಾವಾಹಿ ಮುಗಿದಾಗ ಅವರಿನ್ನೂ ಹುಟ್ಟಿರಲಿಲ್ಲ. ಏಳು ಸೀಸನ್ ನೋಡು, ಆಮೇಲೆ 111 ಸಂಚಿಕೆ ಓದು, ಆಮೇಲೆ ಈ ಪುಸ್ತಕ ತೆರೆ ಅಂದರೆ ಯಾವ ಮಗು ಓದುತ್ತೆ? ಅದೂ ಮುಖ್ಯ ಸರಣಿಯ ಲೆಕ್ಕ ಮಾತ್ರ. ರಕ್ತಪಿಶಾಚಿ ಏಂಜಲ್, ಇನ್ನೊಬ್ಬ ಸ್ಲೇಯರ್ ಫೇತ್ ಅವರ ಸಂಚಿಕೆಗಳು ಬೇರೆ.

ಕಾಮಿಕ್ಸ್ ಕಥೆ ಎಲ್ಲೆಲ್ಲಿಗೆ ಹೋಯಿತು ಅನ್ನುವುದನ್ನೂ ಮರೆಯಬಾರದು. ಬಫಿಯ ತಂಗಿ ಡಾನ್ ಮನೆಯೆತ್ತರದ ದೈತ್ಯೆಯಾದಳು, ಆಮೇಲೆ ಅರ್ಧ ಕುದುರೆಯಾದಳು. ಸತ್ತುಹೋಗಿದ್ದ ಬಫಿಯ ಗುರು ಜೈಲ್ಸ್ ಹುಡುಗನ ದೇಹದಲ್ಲಿ ವಾಪಸ್ ಬಂದರು. ಬಿಡಿಸುವುದಕ್ಕೆ ಖರ್ಚಿಲ್ಲ ಅಂತ ಕಥೆ ಲಗಾಮಿಲ್ಲದೆ ಓಡಿತು. ಧಾರಾವಾಹಿಯ ಜೀವ ಇದ್ದದ್ದು ಶಾಲೆಯ ಲೈಬ್ರರಿಯಲ್ಲಿ, ಅಲ್ಲಿ ಕೂತು ಮಾತಾಡುವ ನಾಲ್ಕು ಜನರಲ್ಲಿ. ಬ್ಲೇಕ್ ಆ ಲೈಬ್ರರಿಯನ್ನು ಮತ್ತೆ ತೆರೆದರು. ಜೈಲ್ಸ್ ಕೂರುತ್ತಿದ್ದ ಜಾಗದಲ್ಲಿ ರಕ್ತಪಿಶಾಚಿ ಸ್ಪೈಕ್ ಇದ್ದಾನೆ. ನನಗಂತೂ ತವರಿಗೆ ಬಂದ ಹಾಗಾಯಿತು.

ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಅದರಿಂದ ವ್ಯಾಸರ ಕಥೆಗೆ ಏನೂ ಆಗಲಿಲ್ಲ. ನಾವು ಎರಡನ್ನೂ ನಮ್ಮದು ಅನ್ನುತ್ತೇವೆ. ಇಲ್ಲಿ ಹಕ್ಕುಗಳ ಮಾತೂ ಇದೆ. ಡಾರ್ಕ್ ಹಾರ್ಸ್ ಕೈಯಿಂದ ಕಾಮಿಕ್ಸ್ ಹಕ್ಕು ಬೂಮ್ ಸ್ಟುಡಿಯೋಸ್‌ಗೆ ಹೋಯಿತು. ಅವರು 2019ರಲ್ಲಿ ಬಫಿಯನ್ನು ಮತ್ತೆ ಹೈಸ್ಕೂಲಿಗೇ ಕಳಿಸಿ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ಕಾಮಿಕ್ಸೇ ಹಳೆಯದನ್ನು ಬಿಟ್ಟ ಮೇಲೆ ಕಾದಂಬರಿಯನ್ನು ಮಾತ್ರ ಯಾಕೆ ಬೈಯಬೇಕು?

ವಿರೋಧ: ಓದಿದವರಿಗೆ ಮಾಡಿದ ಅನ್ಯಾಯ

‘ಸೀಸನ್ ಎಂಟು’ ಅನ್ನುವ ಹೆಸರೇ ಒಂದು ಮಾತು ಕೊಟ್ಟಿತ್ತು. ಇದು ಸುಮ್ನೆ ಯಾರೋ ಬರೆದ ಉಪಕಥೆಯಲ್ಲ, ಏಳರ ನಂತರದ ಎಂಟು. ಮೊದಲ ಕಥಾಭಾಗ ಬರೆದದ್ದು ಧಾರಾವಾಹಿಯನ್ನು ಹುಟ್ಟಿಸಿದ ಜಾಸ್ ವೀಡನ್ ಅವರೇ. ನಾವು ನಂಬಿದೆವು. ತಿಂಗಳಿಗೊಂದು ಸಂಚಿಕೆಗಾಗಿ ಕಾದೆವು.

ಎಂಟನೇ ಸೀಸನ್‌ನ 39ನೇ ಸಂಚಿಕೆಯಲ್ಲಿ ಜೈಲ್ಸ್ ಸತ್ತರು. ಅವರ ಕತ್ತು ಮುರಿದವನು ಟ್ವೈಲೈಟ್ ಎಂಬ ಶಕ್ತಿಯ ಹಿಡಿತದಲ್ಲಿದ್ದ ಏಂಜಲ್. ಆ ಸಂಕಟದಲ್ಲೇ ಬಫಿ ಮಂತ್ರಶಕ್ತಿಯ ಬೀಜವನ್ನು ಒಡೆದುಹಾಕಿದಳು. ಲೋಕದಿಂದ ಮಂತ್ರವೇ ಹೋಯಿತು, ವಿಲೋಳ ಶಕ್ತಿಯೂ ಹೋಯಿತು. ಮುಂದಿನ ಸಂಚಿಕೆ ತೆರೆದರೆ ಬಫಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. ಡಾನ್ ಮತ್ತು ಅವಳ ಸಂಗಾತಿ ಜಾಂಡರ್ ಮನೆಯ ಸೋಫಾ ಮೇಲೆ ಮಲಗುತ್ತಾಳೆ, ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಲೋಕ ಉಳಿಸಿದವಳನ್ನು ಅವಳ ಜೊತೆಯ ಸ್ಲೇಯರ್‌ಗಳೇ ದೂರುತ್ತಾರೆ. ದೈತ್ಯೆ, ಕುದುರೆ ಎಲ್ಲ ನನಗೂ ಜಾಸ್ತಿಯೇ ಅನ್ನಿಸಿತ್ತು. ಆದರೆ ಆ ಸೋಫಾ ಇದೆಯಲ್ಲ, ಅದು ಟಿವಿಯ ಬಫಿಯೇ. ಮೊದಲಿನಿಂದ ಕೊನೆಯವರೆಗೆ ಅವಳ ಕಥೆ ಅದೇ ಅಲ್ವಾ? ಹೊಸ ಕಾದಂಬರಿಯ ಲೆಕ್ಕದಲ್ಲಿ ಇದು ಯಾವುದೂ ನಡೆದೇ ಇಲ್ಲ.

ಪಂಪನ ಹೋಲಿಕೆ ಇಲ್ಲಿ ಒಪ್ಪುವುದಿಲ್ಲ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಾಗಿ ಕಂಡು ಕಾವ್ಯ ಕಟ್ಟಿದವನು ಅವನು. ದ್ರೌಪದಿಯ ಮದುವೆ ಬದಲಾದದ್ದು ಕಾವ್ಯಕ್ಕೆ ಬೇಕಾಗಿ. ಇಲ್ಲಿ ಬದಲಾದದ್ದು ಅನುಕೂಲಕ್ಕೆ.

ಹೊಸ ಓದುಗರಿಗೆ ಅರ್ಥವಾಗಲ್ಲ ಅನ್ನುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. 2019ರಲ್ಲಿ ಕಿಯರ್ಸ್ಟನ್ ವೈಟ್ ಬರೆದ ‘ಸ್ಲೇಯರ್’ ಕೂಡ ಇದೇ ವಯಸ್ಸಿನವರ ಕಾದಂಬರಿ, ಅಲ್ಲೂ ನಾಯಕಿ ಹೊಸಬಳು. ಆ ನೀನಾಳ ಕಥೆ ಹುಟ್ಟುವುದೇ ಬೀಜ ಒಡೆದ ಘಟನೆಯಿಂದ. ಮಂತ್ರಶಕ್ತಿ ಮುಗಿಯುವ ಹೊತ್ತಿಗೆ ಸ್ಲೇಯರ್ ಆದ ಕೊನೆಯ ಹುಡುಗಿ ಅವಳು. ಕಾಮಿಕ್ಸ್ ಓದದವರಿಗೆ ಬೇಕಾದಷ್ಟನ್ನು ವೈಟ್ ಕಥೆಯ ಜೊತೆಯಲ್ಲೇ ಹೇಳಿಬಿಡುತ್ತಾರೆ. ಓದಿದವರಿಗೆ ಆ ಘಟನೆಯ ಇನ್ನೊಂದು ಮುಖ ಕಾಣುತ್ತದೆ. ಮನಸ್ಸಿದ್ದರೆ ಆಗುತ್ತದೆ, ಆಗಿದೆ ಕೂಡ.

ಮುಂದಿನ ತಲೆಮಾರಿನ ಕಥೆ ಬೇಕಿದ್ದರೆ ಆ ತಲೆಮಾರೂ ಇತ್ತು. ಹನ್ನೆರಡನೇ ಸೀಸನ್‌ಗೆ ಡಾನ್ ಮತ್ತು ಜಾಂಡರ್‌ಗೆ ಒಂದು ಹೆಣ್ಣುಮಗು. ಅದಕ್ಕೆ ಬಫಿ, ಡಾನ್ ಅವರ ತೀರಿಹೋದ ಅಮ್ಮನ ಹೆಸರಿಟ್ಟರು, ಜಾಯ್ಸ್. ಫ್ರಾಂಕಿ ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಕೋಪವಿಲ್ಲ. ಕಾದಂಬರಿಯನ್ನು ಕೊನೆಯ ಪುಟದವರೆಗೂ ಓದಿದೆ. ಆದರೆ ಹಳೆಯ ಹೆಸರು ಬಂದಾಗಲೆಲ್ಲ ನನ್ನ ಕಣ್ಣು ಜಾಯ್ಸ್‌ಳನ್ನೇ ಹುಡುಕುತ್ತಿತ್ತು.