ಸಿಂಧೂ ನದಿಗೆ ನಲ್ಲಿ ಇಲ್ಲ: ಒಂದು ಸತ್ಯಾಂಶ

"ಸಿಂಧೂ ಒಪ್ಪಂದ ರದ್ದು. ಪಾಕಿಸ್ತಾನಕ್ಕೆ ಒಂದು ಹನಿ ನೀರೂ ಹೋಗ್ತಿಲ್ಲ." ನವನಗರದ ಚಹಾ ಅಂಗಡಿಯಲ್ಲಿ ಕಾಕಾ ಒಬ್ಬರು ಈ ಫಾರ್ವರ್ಡ್ ತೋರಿಸಿದರು. ಜೊತೆಗೆ ಬಿರುಕು ಬಿಟ್ಟ ನೆಲದ ಫೋಟೋ. ಅಂಥ ನೆಲ ಬೇಸಿಗೆಯಲ್ಲಿ ನಮ್ಮಲ್ಲೂ ಸಿಗುತ್ತದೆ, ಅಲ್ವಾ?

ಒಪ್ಪಂದ ರದ್ದಾಗಿಲ್ಲ. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು ಭಾರತ ಅದನ್ನು ತಡೆಹಿಡಿಯಿತು. 1960ರ ಆ ಒಪ್ಪಂದದಲ್ಲಿ ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚಿನಾಬ್ ನೀರು ಹೆಚ್ಚಾಗಿ ಅವರಿಗೆ.

ಇನ್ನು ನೀರು ನಿಲ್ಲಿಸುವ ಮಾತು. ಇದನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ಸುಮಾರು 123 ಟಿಎಂಸಿ ನಿಲ್ಲಿಸಲು ಹಳೇ ಊರಿನ ಎಷ್ಟೋ ಓಣಿಗಳು ಮುಳುಗಿದವು. ನಾವು ಕೂತಿದ್ದ ನವನಗರ ಹುಟ್ಟಿದ್ದೇ ಹಾಗೆ. ಚಿನಾಬ್ ಮೇಲಿನ ಬಗ್ಲಿಹಾರ್ ಅಂಥದ್ದಲ್ಲ. ಅದು ಹರಿಯುವ ನೀರಿನಿಂದ ಕರೆಂಟ್ ತೆಗೆಯುವ ಕಟ್ಟೆ. ಅಲ್ಲಿ ತಡೆದು ಬಿಡಬಹುದಾದ ನೀರು ಒಂದೂವರೆ ಟಿಎಂಸಿಗೂ ಕಡಿಮೆ. ಗೇಟು ಹಾಕಿದರೆ ಸ್ವಲ್ಪ ಹೊತ್ತು ಹರಿವು ತಗ್ಗುತ್ತದೆ, ಅಷ್ಟೇ. ಮಳೆಗಾಲದಲ್ಲಿ ಅದೂ ಕಷ್ಟ.

ಹಾಗಂತ ಏನೂ ಬದಲಾಗಿಲ್ಲ ಅನ್ನೋದೂ ಸುಳ್ಳೇ. ನದಿಗಳ ನೀರಿನ ಲೆಕ್ಕ ಹಂಚಿಕೊಳ್ಳುವುದು, ಒಪ್ಪಂದ ನೋಡಿಕೊಳ್ಳುವ ಎರಡೂ ದೇಶಗಳ ಆಯುಕ್ತರ ಸಭೆ ಎಲ್ಲಾ ನಿಂತಿವೆ. ಆದರೆ 2025ರ ಆಗಸ್ಟ್‌ನಲ್ಲಿ ಜಮ್ಮುವಿನ ತಾವಿ ನದಿ ಉಕ್ಕಿದಾಗ ಭಾರತ ಇಸ್ಲಾಮಾಬಾದಿನ ತನ್ನ ಹೈಕಮಿಷನ್ ಮೂಲಕ ಪ್ರವಾಹದ ಎಚ್ಚರಿಕೆ ಕೊಟ್ಟಿತು. ಒಪ್ಪಂದದ ಹೆಸರಿನಲ್ಲಿ ಅಲ್ಲ, ಮಾನವೀಯತೆಯ ಮೇಲೆ.

ಕಾಕಾ ಕೇಳಿಸಿಕೊಂಡರು. "ಹಂಗಾದ್ರ ಈ ಫೋಟೋ ಎಲ್ಲಿದು?" ಅಂದರು.